ತಾಡಪತ್ರಿಯಲ್ಲಿ ಸಬಕಾರದ ವಾಸನೆ

ಇಬ್ರಾಹಿಂಪುರ, ವಿಜಾಪುರ
ತಾ. ೧೯-೫-೧೯೬೩, ರವಿವಾರ

ಚಿ. ಸೌ. ರೇಣವ್ವಳಿಗೆ, ಸಿಟ್ಟಿನಲ್ಲಿದ್ದರೂ ಮನಸಾರೆ ನಿನ್ನ ಅಪ್ಪನ ಆಶೀರ್ವಾದ.

ಹೇಗಿದ್ದೀ ತಾಯಿ? ಅಳಿಯ ಅಂಬಾದಾಸನಿಗೆ ಮಿಲ್ಲಿನ ರಾತ್ರಿ ಪಾಳಿ ಮುಗಿಯಿತೇ? ಅತ್ತೆಯವರ ಮೊಣಕಾಲು ನೋವು ಕಡಿಮೆಯಾಯಿತೇ? ಸೊಲ್ಲಾಪುರದ ನೀರು ಒಗ್ಗಿದೆ ಎಂದು ಬರೆದಿದ್ದೆ, ಓದಿ ಸಮಾಧಾನವಾಯಿತು. ಮದುವೆಯಾಗಿ ನಾಲ್ಕು ತಿಂಗಳಲ್ಲಿ ನೀನು ಬರೆದದ್ದು ಎರಡೇ ಕಾಗದ, ಅದರಲ್ಲೂ ಅರ್ಧ ನಿನ್ನ ಅವ್ವನಿಗೆ. ಇರಲಿ. ನಾನು ಗಟ್ಟಿಯಾಗಿದ್ದೇನೆ. ನಿನ್ನ ಅಣ್ಣ ಭಾಗಪ್ಪನೂ ಆರಾಮ ಇದ್ದಾನೆ. ನಿನ್ನ ಅವ್ವ ಎಂಟು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು, ಊಟಕ್ಕೆ ಕರೆಯುವುದಿದ್ದರೂ ಗೋಡೆಗೆ ಹೇಳುತ್ತಿದ್ದಳು. ಈಗ ಮಾತಾಡುತ್ತಾಳೆ, ಆದರೆ ಮಾತಿಗೆ ಮೊದಲು ನಗುತ್ತಾಳೆ. ಮಾತು ಬಿಟ್ಟದ್ದೇ ವಾಸಿಯಿತ್ತು.

ಆದದ್ದು ಇಷ್ಟು. ಬಬಲೇಶ್ವರದ ಬಸಲಿಂಗಯ್ಯನವರು ಬೀಜದ ಶೇಂಗಾ ಚೀಲಗಳಿಗೆ ಹೊದಿಸಲು ಆರು ತಾಡಪತ್ರಿ ಹೇಳಿದ್ದಾರೆ. ಮುಂಗಾರಿನ ಮಿರಗದ ಮಳೆಗೆ ಮೊದಲೇ ಬೇಕಂತೆ, ಅದೂ ಹೋದ ವರ್ಷ ಕೊಟ್ಟಂಥವೇ ಬೇಕಂತೆ. ಕ್ಯಾನ್ವಾಸ್ ಬಟ್ಟೆ ಕತ್ತರಿಸಿ ಹೊಲಿದೆ. ನೀನಿಲ್ಲದ್ದರಿಂದ ಎಣ್ಣೆ ಉಜ್ಜುವ ಕೆಲಸಕ್ಕೂ ನಾನೇ ಕುಳಿತೆ. ನಮ್ಮಪ್ಪ ಕಲಿಸಿದ ಹಾಗೆಯೇ ಅಗಸಿ ಎಣ್ಣೆ ಕಾಯಿಸಿ, ಅರಿವೆಯಿಂದ ತಿಕ್ಕಿ, ಬಿಸಿಲಿಗೆ ಹಾಕಿದೆ. ಮೊದಲನೆಯದನ್ನು ಮಡಚಿಟ್ಟರೆ ಮರುದಿನ ಮಡಿಕೆ ಮಡಿಕೆಗೆ ಅಂಟಿತ್ತು. ನಾನೊಂದು ಕಡೆ, ಭಾಗಪ್ಪ ಒಂದು ಕಡೆ ಹಿಡಿದು ಜಗ್ಗಿದರೆ ಪರ್ರನೆ ಹರಿಯಿತು. ಎರಡನೆಯದನ್ನು ಅಂಗಳದಲ್ಲಿ ನಾಲ್ಕು ಗೂಟಕ್ಕೆ ಜೋಲು ಬೀಳುವಂತೆ ಕಟ್ಟಿ, ಸೋರುತ್ತದೋ ಇಲ್ಲವೋ ನೋಡೋಣವೆಂದು ಎಂಟು ಕೊಡ ನೀರು ಸುರಿದೆ. ನಾನು ಚಹಾ ಕುಡಿದು ಏಳುವಷ್ಟರಲ್ಲಿ ಎಂಟೂ ಕೊಡ ಮಣ್ಣು ಸೇರಿತ್ತು. ಈ ಊರಿನಲ್ಲಿ, ಈ ಬೇಸಿಗೆಯಲ್ಲಿ, ನಳದ ಮುಂದೆ ಕಾದು ನಿಂತು ತುಂಬಿ ತಂದ ನೀರು! ನಿನ್ನ ಅವ್ವ ಖಾಲಿ ಕೊಡ ಸೊಂಟದ ಮೇಲಿಟ್ಟುಕೊಂಡು ನನ್ನನ್ನೇ ನೋಡಿದಳು. ಮಾತು ಬಿಟ್ಟದ್ದು ಅಂದಿನಿಂದ. ಸಾಲದ್ದಕ್ಕೆ ಪಕ್ಕದ ಮನೆಯ ಪೀರಾಂಬಿ ಗೋಡೆಯ ಮೇಲಿಂದ ಇಣುಕಿ, "ಅಣ್ಣಾರ, ಮಳಿ ತಡಾ ಆದ್ರ ನಾವು ಕಾಯತೇವಿ, ನೀವ್ಯಾಕ ಸುರಸಾಕತ್ತೀರಿ?" ಎಂದಳು.

ಮೂರನೆಯದು ಸೋರಲಿಲ್ಲ. ಗೆದ್ದೆ ಎಂದುಕೊಂಡು ಪರೀಕ್ಷೆಗೆಂದು ತಿಕೋಟಾದ ಗಾಡಿ ಕಾಸಿಮಸಾಬನಿಗೆ ಕೊಟ್ಟೆ. ಎರಡೇ ದಿನಕ್ಕೆ ತಂದು ಕಟ್ಟೆಯ ಮೇಲೆ ಎಸೆದ. "ಎತ್ತು ಗಾಡಿ ಹತ್ರ ಬರವಲ್ವು ಸಾಬಣ್ಣಾ. ಹ್ವಾದ ವರ್ಷದ್ದು ಹಿಂಗ ನಾರತಿದ್ದಿಲ್ಲ. ಅದು ಸಬಕಾರದಂಗ ಘಮ್ ಅಂತಿತ್ತು" ಎಂದ. ನನಗೆ ಪಿತ್ತ ನೆತ್ತಿಗೇರಿತು. ನನ್ನ ತಾಡಪತ್ರಿಯಲ್ಲಿ ಬಟ್ಟೆ ಒಗೆಯುವ ಸಬಕಾರದ ವಾಸನೆಯೇ? ಅವನು ಗಾಡಿಯಿಂದ ಹಳೆಯದನ್ನು ಎಳೆದು ನನ್ನ ತೊಡೆಯ ಮೇಲೆ ಹಾಕಿದ. ಮೂಸಿ ನೋಡಿದೆ. ಹೌದು, ಸಬಕಾರವೇ. ಅದನ್ನು ಹಿಡಿದುಕೊಂಡು ನಾನು ಕುಳಿತಿರುವಾಗಲೇ ಬೋರ್ಡು ಬರೆಯುವ ಅಲ್ಲಾಉದ್ದೀನ ಖಾಲಿ ಡಬ್ಬಿ ಹಿಡಿದು ಬಂದ. "ಸಾಬಣ್ಣಾರ, ರೇಣವ್ವ ಗಂಡನ ಮನಿಗೆ ಹ್ವಾದಮ್ಯಾಲ ನಮಗ ಬಣ್ಣಾ ಕಲಸಾಕ ಅಗಸಿ ಎಣ್ಣಿ ನಿಂತ ಬಿಟ್ಟೈತಲ್ರಿ. ಮದ್ಲಿನಂಗ ಅದರ ಬದಲಿ ಸಬಕಾರ, ಪಟಕ ನಾ ತಂದು ಕೊಡತೀನಿ" ಎಂದ. ಒಳಗೆ ನಿನ್ನ ಅವ್ವ ಎಂಟು ದಿನದ ಮೌನ ಮುರಿದು ನಕ್ಕಳು ನೋಡು, ಕೈಯಲ್ಲಿದ್ದ ಮುಚ್ಚಳ ನೆಲಕ್ಕೆ ಬಿತ್ತು.

ಆಮೇಲೆ ಎಲ್ಲವನ್ನೂ ಅವಳೇ ಬಾಯಿ ಬಿಟ್ಟಳು. ಮೂರು ವರ್ಷದ ಹಿಂದೆ ಒಮ್ಮೆ ರಾಡಿ ನೀರು ಬಂದಾಗ ತಿಳಿಯಾಗಲೆಂದು ನೀನು ನೀರಿನ ಬಾನಿಯಲ್ಲಿ ಪಟಕದ ಹರಳು ಹಾಕಿದ್ದೆಯಂತೆ, ಅದೇ ದಿನ ನನ್ನ ಕ್ಯಾನ್ವಾಸ್ ಚೀಲ ಒಗೆಯುವುದೂ ಇತ್ತಂತೆ. ಸಬಕಾರಕ್ಕೂ ಆ ನೀರಿಗೂ ಏನಾಯಿತೋ, ಅಂದಿನಿಂದ ಆ ಚೀಲದ ಮೇಲೆ ಬಿದ್ದ ನೀರು ಎಣ್ಣೆ ಹಚ್ಚಿದ ತಲೆಯಿಂದ ಜಾರಿದ ಹಾಗೆ ಜಾರತೊಡಗಿತಂತೆ. ಅಲ್ಲಿಂದ ಮುಂದೆ ನಾನು ಸಂತೆಗೆ ಹೊರಟರೆ ಸಾಕು, ಎಣ್ಣೆಯ ಡಬ್ಬಿ ಅಲ್ಲಾಉದ್ದೀನನ ಕೈಗೆ, ತಾಡಪತ್ರಿ ನಿನ್ನ ಬಾನಿಗೆ! ಪೀರಾಂಬಿಗೆ ಗೊತ್ತು, ನಿನ್ನ ಅವ್ವನಿಗೆ ಗೊತ್ತು, ಭಾಗಪ್ಪನಿಗೂ ಗೊತ್ತು. ಗೊತ್ತಿಲ್ಲದವನು ನಾನೊಬ್ಬನೇ. ಪೇಟೆಯಲ್ಲಿ ಅಲ್ಲಾಉದ್ದೀನನ ಬೋರ್ಡುಗಳ ಹೊಳಪು ನೋಡಿ ನಾನೇ ಹೊಗಳುತ್ತಿದ್ದೆ, ಅದು ನನ್ನದೇ ಎಣ್ಣೆ. ತಿಕೋಟಾದ ಸಂತೆಯಲ್ಲಿ ಮೀಸೆ ತಿರುವಿಕೊಂಡು ಇದು ನಮ್ಮಪ್ಪನಿಂದ ಬಂದ ಕೈಗುಣ ಎಂದು ಹೇಳುತ್ತಿದ್ದೆ, ಆ ಕೈ ನಿನ್ನದು. ಎಣ್ಣೆ ಹೋದರೆ ಹೋಯಿತು, ಅದಕ್ಕೆ ನನಗೆ ಕೆಡುಕೆನಿಸಿಲ್ಲ. ನನಗೊಂದು ಮಾತು ಹೇಳಬಾರದಿತ್ತೇ? ಹೀಗೆಂದು ನಿನ್ನ ಅವ್ವನನ್ನು ಕೇಳಿದರೆ ಅವಳು, "ಹೇಳಿದ್ರ ಮಾಡಾಕ ಬಿಡತಿದ್ರೇನು?" ಎಂದಳು. ಬಿಡುತ್ತಿರಲಿಲ್ಲ. ಬೈದು ಬಾನಿ ಮಗುಚಿ ಹಾಕುತ್ತಿದ್ದೆ. ಅದಕ್ಕೇ ನಿನ್ನ ಮೇಲಿನ ಸಿಟ್ಟು ಪೂರ್ತಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ಹಟಕ್ಕೆ ಬಿದ್ದು ನಾನೇ ಮಾಡಿ ನೋಡಿದೆ. ಸಬಕಾರ, ಪಟಕ ಎರಡನ್ನೂ ಒಂದೇ ಬಾನಿಗೆ ಹಾಕಿ ತಿರುವಿದರೆ ಒಡೆದ ಹಾಲಿನಂತೆ ಬಿಳಿ ಗಂಟು ತೇಲಿದವು. ಅದರಲ್ಲಿ ಅದ್ದಿದ ತಾಡಪತ್ರಿ ಹಿಟ್ಟಿನ ಗಿರಣಿಯಿಂದ ಬಂದ ಹಾಗಿತ್ತು. ಮತ್ತೆ ಎರಡು ಕೊಡ ನೀರು ಸುರಿದೆ, ಏನಾಯಿತೆಂದು ಕೇಳಬೇಡ. ನಿನ್ನ ಅವ್ವನನ್ನು ಕೇಳಿದರೆ, "ನಾ ನೀರು ತಂದಾಕಿ ಅಷ್ಟ. ಕೈ ಆಕೀದು" ಎನ್ನುತ್ತಾಳೆ. ಒಂದಾದ ಮೇಲೆ ಒಂದರಲ್ಲಿ ಅದ್ದಬೇಕೋ? ಹಾಗಿದ್ದರೆ ಸಬಕಾರ ಮೊದಲೋ, ಪಟಕ ಮೊದಲೋ? ಮಿರಗಕ್ಕೆ ಇನ್ನು ಇಪ್ಪತ್ತು ದಿನವೂ ಇಲ್ಲ. ಬಸಲಿಂಗಯ್ಯನವರ ಬೀಜ ನೆನೆದು ಮುಗ್ಗಲು ಹಿಡಿದರೆ ಅವರ ಬಿತ್ತನೆ ಕೆಡುತ್ತದೆ, ಆಮೇಲೆ ಬಬಲೇಶ್ವರದಲ್ಲಾಗಲಿ ತಿಕೋಟಾದಲ್ಲಾಗಲಿ ನಮ್ಮ ತಾಡಪತ್ರಿಯನ್ನು ಯಾರೂ ಮುಟ್ಟುವುದಿಲ್ಲ. ಕಾಗದ ಕಂಡ ಕೂಡಲೇ ಉತ್ತರ ಬರೆ.

ಅತ್ತೆಯವರಿಗೆ ನನ್ನ ನಮಸ್ಕಾರ, ಅಳಿಯನಿಗೆ ಆಶೀರ್ವಾದ ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಬಾಳು ತಣ್ಣಗಿರಲಿ.

ನಿನ್ನ ಅಪ್ಪ,
ಸಾಬಣ್ಣ

ತಾ. ಕ.: ಲಕೋಟೆ ಅಂಟಿಸುವಷ್ಟರಲ್ಲಿ ಬಸಲಿಂಗಯ್ಯನವರೇ ಬಂದರು. ನಿಂತಲ್ಲಿಂದಲೇ, "ಸಾಬಣ್ಣ, ಹ್ವಾದ ವರ್ಷದಂಗ ಅದಾವೇನು?" ಎಂದರು. ಹೂಂ ಎನ್ನಬೇಕೆಂದೇ ಬಾಯಿ ತೆರೆದೆ. ನಿನ್ನ ಅವ್ವ ಬಾಗಿಲಲ್ಲಿ ನಿಂತಿದ್ದಳು. "ಅಯ್ಯಾರ, ಹ್ವಾದ ವರ್ಷದ್ದು ನನ್ನ ಕೈಲೆ ಆಗಿದ್ದಲ್ರಿ, ನನ್ನ ಮಗಳ ಕೈಲೆ ಆಗಿದ್ದು" ಎಂದುಬಿಟ್ಟೆ. ಅವರು, "ಹಂಗಾದ್ರ ಆಕಿನ್ನ ಕರಸು. ಮಿರಗದತನಾ ತಡೀತೀನಿ" ಎಂದು ಹೋದರು. ಶುಕ್ರವಾರದ ರೈಲುಗಾಡಿಗೆ ಭಾಗಪ್ಪ ನಿನ್ನನ್ನು ಕರೆಯಲು ಬರುತ್ತಾನೆ. ಅತ್ತೆಯವರನ್ನೂ ಅಳಿಯನನ್ನೂ ಕೇಳಿಕೊಂಡು ಹತ್ತು ದಿನದ ಮಟ್ಟಿಗೆ ಹೊರಟು ಬಾ. ಸಬಕಾರ ಮೊದಲೋ ಪಟಕ ಮೊದಲೋ ಎಂಬುದನ್ನು ಬರೆಯಬೇಡ, ಬಂದು ಮಾಡಿ ತೋರಿಸು. ಈ ಸಲ ನಾನು ಸಂತೆಗೆ ಹೋಗುವುದಿಲ್ಲ.