ಖಾಲಿ ಚಟ್ಟ

ಪ್ಯಾನೊಪ್ಸಿಯಾನ್ ತಿಂಗಳು. ದೀಪ ಹಚ್ಚಿ ಬಹಳ ಹೊತ್ತಾಯಿತು.

ಇಡೀ ದಿನ ಆ ಡೇರೆಯಲ್ಲೇ ಕಳೆಯಿತು. ಯುದ್ಧದಲ್ಲಿ ಮಡಿದವರ ಮೂಳೆಗಳನ್ನು ಅಲ್ಲಿ ಇಟ್ಟಿದ್ದಾರೆ. ಕೊನೆಯಲ್ಲಿ ಬಟ್ಟೆ ಹೊದಿಸಿದ ಖಾಲಿ ಚಟ್ಟವೊಂದಿದೆ, ದೇಹ ಸಿಗದವರಿಗಾಗಿ. ಅದರ ಮುಂದೆ, ಸತ್ತವರಿಗೆ ಎರೆಯುವ ಎಣ್ಣೆಯ ಬುಡ್ಡಿ ಹಿಡಿದು ನಿಂತೆ. ಸುರಿಯಲು ಕೈ ಬರಲಿಲ್ಲ.

ನನ್ನ ಮಗ ಫನಿಯಾಸ್ ಕಾಳಗದ ನಡುವೆ ಹೊಳೆಗೆ ಬಿದ್ದದ್ದನ್ನು ಅವನ ಗೆಳೆಯ ನೋಡಿದ್ದಾನೆ. ಎದ್ದದ್ದನ್ನು ನೋಡಿಲ್ಲ.

ಮನೆಗೆ ಬಂದಾಗ ತುಂಬಿದ ಬುಡ್ಡಿ ಕಂಡು ಹೆಂಡತಿ ಮಿರ್ರಿನೆ, "ಒಳ್ಳೇದಾಯ್ತು," ಎಂದಳು. "ಬದುಕಿರೋನಿಗೆ ಕರ್ಮ ಮಾಡಿದ್ರೆ ವಾಪಸ್ ಬಂದಾಗ ಹೊಸ್ತಿಲು ದಾಟೋಕೆ ಬಿಡ್ತಾರೇನ್ರೀ? ಸೊಕ್ಲೆಸ್ ಪಾಡು ಮರೆತ್ರಾ?"

ಮರೆತಿಲ್ಲ. ಪಕ್ಕದ ಬೀದಿಯ ಸೊಕ್ಲೆಸ್ ಕರ್ಮ ಮುಗಿದ ಮೇಲೆ ಸೆರೆಯಿಂದ ಬಂದ. ಸತ್ತವನೆಂದು ಯಾವ ಗುಡಿಗೂ ಸೇರಿಸಲಿಲ್ಲ. ಕೊನೆಗೆ ಹೆಂಗಸರು ಅವನನ್ನು ಕೂಸಿನಂತೆ ಮೀಯಿಸಿ, ಬಟ್ಟೆ ಸುತ್ತಿ, ಎದೆಗವಚಿಕೊಂಡು ಮತ್ತೆ ಹುಟ್ಟಿಸಬೇಕಾಯಿತು. "ಗಡ್ಡದ ಕೂಸು ಅಳ್ತಿದೆ, ಹಾಲು ಕೊಡ್ರೇ!" ಎಂದು ಬೀದಿಯೆಲ್ಲ ನಕ್ಕಿತ್ತು. ನಾನೂ ನಕ್ಕಿದ್ದೆ.

"ಸತ್ತಿದ್ರೆ?" ಎಂದೆ. "ಕರ್ಮ ಇಲ್ದೆ ಎಲ್ಲಿ ಅಲೀತಿದಾನೋ."

ಅವಳು ಊಟ ಮಾಡಲಿಲ್ಲ. ಆಮೇಲೆ ಉಣ್ಣೆ ಕತ್ತರಿ ತಂದು ತನ್ನ ಜಡೆ ಕತ್ತರಿಸಿ ನನ್ನ ಕೈಗಿಟ್ಟಳು.

"ತಗೊಂಡ್ಹೋಗಿ ಚಟ್ಟದ ಮೇಲಿಡಿ. ಬದುಕಿ ಬಂದ್ರೆ ನಾನೇ ಇನ್ನೊಂದ್ಸಲ ಹೆರ್ತೀನಿ. ನಗೋರು ನಗ್ಲಿ."

ಈಗ ಗೋಡೆಯ ಕಡೆ ತಿರುಗಿ ಮಲಗಿದ್ದಾಳೆ. ನಿದ್ದೆ ಬಂದಿಲ್ಲವೆಂದು ಉಸಿರಿನಲ್ಲೇ ತಿಳಿಯುತ್ತದೆ.

ನಾಳೆ ಬಿಸಿಲೇರುವ ಮೊದಲೇ ಚಟ್ಟ ಹೊರಡುತ್ತದೆ.