ಕೋಟಗಿರಿಯ ಅಡುಗೆಮನೆಯಲ್ಲಿ ಅಬ್ಬಲಿಗೆ

ಕರ್ಕಿಯ ದುರ್ಗಮ್ಮನವರಿಗೆ, ಕೋಟಗಿರಿಯಿಂದ ಮಧುರಾ ಮಾಡುವ ನಮಸ್ಕಾರಗಳು.

ಫೋನಿನಲ್ಲಿ ನಿಮ್ಮ ದನಿ ಕೇಳಿದೊಡನೆ ಹೇಳಬೇಕೆಂದುಕೊಂಡದ್ದೆಲ್ಲ ಮರೆತುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸಂತೋಷರನ್ನು ಮದುವೆಯಾಗಿ ಈ ಬೆಟ್ಟದೂರಿಗೆ ಬರುವಾಗ, ಅವರ ಮೊದಲ ಹೆಂಡತಿ, ನಿಮ್ಮ ಮಗಳು ದಿವ್ಯಶ್ರೀ ತೀರಿಕೊಂಡು ಮೂರು ವರ್ಷವಾಗಿತ್ತು. ಇವರು ಚಹಾ ಕಾರ್ಖಾನೆಗೆ ಹೋದ ಮೇಲೆ ದಿನವಿಡೀ ನಾನೊಬ್ಬಳೇ. ಅಡುಗೆಮನೆಯ ಡಬ್ಬಗಳ ಮೇಲೆಲ್ಲ ಅವಳ ದುಂಡನೆಯ ಅಕ್ಷರ: ಉದ್ದು, ಮೆಂತೆ, ಕೊತ್ತಂಬರಿ. ನಾನು ಮಾಡಿದ ಸಾರನ್ನು ಇವರು ಮಾತಿಲ್ಲದೆ ಉಂಡರೆ, ಅವಳ ಸಾರೇ ಹೆಚ್ಚು ರುಚಿಯಾಗಿತ್ತೇನೋ ಎಂದು ಒಳಗೊಳಗೇ ಕುಗ್ಗುತ್ತಿದ್ದೆ. ಇವರು ಒಂದು ದಿನವೂ ಹಾಗೆ ಅಂದವರಲ್ಲ.

ಕಳೆದ ಡಿಸೆಂಬರಿನಲ್ಲಿ ನಿಮ್ಮ ಪಾರ್ಸೆಲ್ ಬಂತು. ಹಳೆ ಸೀರೆಯ ತುಂಡಿನಲ್ಲಿ ಕಟ್ಟಿದ, ಇಲ್ಲಿಯವರು ಕನಕಾಂಬರ ಎನ್ನುವ ಅಬ್ಬಲಿಗೆಯ ಬೀಜ. ಹೊನ್ನಾವರದ ಪೇಟೆಗೆ ನೀವು ಹೂ ಒಯ್ಯುವ ಗಿಡಗಳದ್ದೇ. ಮೇಲೆ ನನ್ನ ಹೆಸರಿತ್ತು. ನನಗೆ ಖುಷಿಗಿಂತ ಹೆದರಿಕೆಯೇ ಹೆಚ್ಚಾಯಿತು. ಕುಮಟೆಯ ನನ್ನ ತವರಿನ ಅಂಗಳದಲ್ಲಿ ಅಬ್ಬಲಿಗೆ ತಾನಾಗಿ ಹುಟ್ಟುತ್ತಿತ್ತು, ಬಿತ್ತಿ ಗೊತ್ತಿರಲಿಲ್ಲ. ಇಲ್ಲಿನ ಚಳಿಗೆ ಹೊರಗಿಡುವಂತಿಲ್ಲವೆಂದು ಕಿಟಕಿಯ ಬಳಿ ಕುಂಡವಿಟ್ಟು, ದಿನಕ್ಕೆರಡು ಸಲ ನೀರು ಹೊಯ್ದೆ. ತಿಂಗಳು ಕಳೆದು ಮಣ್ಣು ಕೆದಕಿದರೆ ಎಲ್ಲ ಕೊಳೆತು ಹೋಗಿತ್ತು.

ನಾಲ್ಕು ದಿನ ನಿಮ್ಮ ಫೋನ್ ಎತ್ತಲಿಲ್ಲ. ಐದನೆಯ ದಿನ ಎತ್ತಿ, ಅಳುತ್ತಲೇ ಎಲ್ಲ ಹೇಳಿದೆ, ಸಾರಿನ ವಿಷಯವನ್ನೂ. ನೀವು ಜೋರಾಗಿ ನಕ್ಕುಬಿಟ್ಟಿರಿ.

"ಅದ್ಕೆ ಎಂತಕ್ಕೆ ಅಳ್ತೆ? ನಮ್ಮ ದಿವ್ಯನೂ ಅದೇ ಮನೇಲಿ ಮೂರು ಸಲ ಬೀಜ ಕೊಳೆಸಿದ್ಲು. ಗಂಡಂಗೆ ಹೇಳ್ಬೇಡ ಅಂದಿದ್ಲು. ಸಾರಿಗೆ ಉಪ್ಪು ಹಾಕೂಕೂ ಮರೀತಿದ್ಲು. ಬೀಜ ಮತ್ತೆ ಕಳ್ಸ್ತೆ. ಬೆಚ್ಚಗಿದ್ದಲ್ಲಿ ಇಡು, ನೀರು ಚಿಮುಕಿಸಿದ್ರೆ ಸಾಕು."

ಅಮ್ಮ, ಇಲ್ಲದ ಮಗಳ ತಪ್ಪುಗಳನ್ನು ನೆನೆದು ನಗುವುದು ನಿಮಗೆ ಸುಲಭವಾಗಿರಲಿಕ್ಕಿಲ್ಲ. ನನಗಾಗಿ ನಕ್ಕಿರಿ. ಆಮೇಲೆ ಆ ಡಬ್ಬಗಳ ಅಕ್ಷರ ಕಂಡರೆ ನನಗೆ ಹೆದರಿಕೆಯಾಗಲಿಲ್ಲ. ನನ್ನ ಹಾಗೆಯೇ ಈ ಚಳಿಯಲ್ಲಿ ಒದ್ದಾಡಿದ ಒಬ್ಬ ಹುಡುಗಿ ಕಾಣತೊಡಗಿದಳು.

ಈ ಮನೆಯಲ್ಲಿ ಬೆಚ್ಚಗಿರುವ ಜಾಗವೆಂದರೆ ಫ್ರಿಜ್ಜಿನ ತಲೆ. ಎರಡನೆಯ ಸಲದ ಬೀಜವನ್ನು ಟ್ರೇಯಲ್ಲಿ ಬಿತ್ತಿ, ತೆಳ್ಳಗೆ ಮಣ್ಣು ಉದುರಿಸಿ, ಪ್ಲಾಸ್ಟಿಕ್ ಮುಚ್ಚಿ ಅಲ್ಲಿಟ್ಟೆ. ಮೂವತ್ತೆರಡನೆಯ ದಿನ ಬೆಳಿಗ್ಗೆ ಸಂತೋಷ ಸ್ಟೂಲು ಹತ್ತಿ ನೋಡಿ, "ಬಂತು ಮಾರಾಯ್ತಿ!" ಎಂದು ಕೂಗಿದರು. ಎರಡು ಮೊಳಕೆ. ವಾರ ಬಿಟ್ಟು ಇನ್ನಷ್ಟು. ಬಿಸಿಲು ಬೀಳುವ ಕಿಟಕಿಗೆ ಸಾಗಿಸಿದ ಮೇಲೆ ಹನ್ನೊಂದು ಗಿಡ ಉಳಿದವು.

ನಿನ್ನೆ ಮೊದಲ ಹೂತೆನೆ ಅರಳಿತು, ಎಂಟು ಹೂವು. ದಿವ್ಯಶ್ರೀಯ ಫೋಟೊಗೆ ಇಡಲೇ ಎಂದು ಫೋನಿನಲ್ಲಿ ನಿಮ್ಮನ್ನು ಕೇಳಿದೆ. ನೀವು ಹೇಳಿದಿರಿ, "ಫೋಟೊಕ್ಕೆ ನಾ ಇಲ್ಲಿ ದಿನಾ ಹಾಕ್ತೆ. ಅದು ನೀ ಮುಡ್ಕೊ."

ಫೋನಿಟ್ಟು, ಎಂಟನ್ನೂ ದಾರದಲ್ಲಿ ಕಟ್ಟಿ ಮುಡಿದುಕೊಂಡೆ. ಅಬ್ಬಲಿಗೆ ಬೇಗ ಬಾಡುವ ಹೂವಲ್ಲ. ಇದನ್ನು ಬರೆಯುವಾಗಲೂ ನನ್ನ ಜಡೆಯಲ್ಲೇ ಇದೆ.

ನಿಮ್ಮ ಮೊಣಕಾಲು ನೋವು ಕಡಿಮೆಯಾಗಲಿ, ನಿಮ್ಮ ಅಂಗಳ ತುಂಬಿರಲಿ.

ನಿಮ್ಮ ಆಶೀರ್ವಾದ ಬೇಡುವ,
ಮಧುರಾ