ಟಿವಿ ಹಿಂದಿನ ಬೆಂಕಿಕಡ್ಡಿ

ನವೆಂಬರ್ ೧೪, ಗುರುವಾರ

ಇವತ್ತೂ ಟಿವಿಯಲ್ಲಿ ‘ಸಿಗ್ನಲ್ ಇಲ್ಲ’ ಎಂಬ ನೀಲಿ ಪರದೆಯೇ. ಸೆಟ್‌ಟಾಪ್ ಬಾಕ್ಸ್ ಆರಿಸಿ ಹಾಕಿದೆ, ಚಾನೆಲ್‌ಗಳನ್ನು ಮತ್ತೆ ಹುಡುಕಿಸಿದೆ, ಕೇಬಲ್ ಕೂಡ ಬದಲಾಯಿಸಿದೆ. ಜಪ್ಪಯ್ಯ ಎಂದರೂ ಚಿತ್ರ ಬರಲಿಲ್ಲ.

“ಅವನಿದ್ದಿದ್ರೆ ಚಿಟಿಕೆ ಹೊಡೆಯೋದ್ರಲ್ಲಿ ಸರಿ ಮಾಡ್ತಿದ್ದ,” ಅಂದರು ಅತ್ತೆ. ಅವರ ಮಗ, ನನ್ನ ಗಂಡ, ತೀರಿಕೊಂಡು ಇಪ್ಪತ್ತು ದಿನ. ನನಗೆ ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ.

ಕೊನೆಗೆ ಕೇಬಲ್ಲಿನ ತುದಿಯನ್ನು ಬೆರಳಿನಿಂದ ಓರೆಯಾಗಿ ಒತ್ತಿದಾಗ ಚಿತ್ರ ಬಂತು. ಬಿಟ್ಟರೆ ಹೋಯಿತು. ಆಗ ನೆನಪಾಯಿತು. ಟಿವಿ ಹಿಂದೆ ಕೇಬಲ್ ಸಿಕ್ಕಿಸುವ ತೂತು ಸಡಿಲವೆಂದು ಇವರು ಅಲ್ಲೊಂದು ಬೆಂಕಿಕಡ್ಡಿ ಸಿಕ್ಕಿಸಿದ್ದರು. ಭಾನುವಾರ ಧೂಳು ಹೊಡೆಯುವಾಗ ನಾನೇ ಅದನ್ನು ಕಿತ್ತು ಕಸಕ್ಕೆ ಹಾಕಿದ್ದೆ.

“ಹಾಗೇ ಹಿಡ್ಕೊಂಡಿರಮ್ಮ, ಅಲ್ಲಾಡಬೇಡ,” ಅಂದರು ಅತ್ತೆ.

ಅಡುಗೆಮನೆಯಲ್ಲಿ ಪೊಟ್ಟಣದ ತುಂಬ ಕಡ್ಡಿಗಳಿದ್ದವು. ತರಲು ಹೋಗಲಿಲ್ಲ. ಧಾರಾವಾಹಿ ಮುಗಿಯುವವರೆಗೂ ಹಾಗೇ ಒತ್ತಿಕೊಂಡು ನಿಂತಿದ್ದೆ. ಬೆರಳಿಗೆ ಇನ್ನೂ ಜೋಮು ಹಿಡಿದಿದೆ, ಬರೆಯಲು ಆಗುತ್ತಿಲ್ಲ.